ಕಾಂಕ್ರೀಟ್ ಕವಚದ ಅಲೆ ತಡೆಗೋಡೆಗಳ ಸ್ವತಂತ್ರ ತಜ್ಞ ಪರಿಶೀಲನೆ: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿ ಹೇಳುತ್ತಿರುವುದು ಯಾವ ಬಗೆಯ ತಡೆಗೋಡೆಗಳ ಬಗ್ಗೆ?

ಬಂದರಿನ ಮುಂದೆ ಅಥವಾ ಅಳಿವೆಯ ಎರಡು ಬದಿಗಳಲ್ಲಿ ಸಮುದ್ರದೊಳಕ್ಕೆ ಚಾಚಿಕೊಂಡು, ಹೊರಗಿನ ಅಲೆಯ ಬಲವನ್ನು ತಾನೇ ಹೀರಿಕೊಂಡು ಒಳಗಿನ ನೀರನ್ನು ಶಾಂತವಾಗಿಡುವ, ಕಲ್ಲು ಸುರಿದು ಕಟ್ಟಿದ ಬ್ರೇಕ್‌ವಾಟರ್‌ಗಳ ಬಗ್ಗೆ. ಇವುಗಳ ಒಡಲಿನಲ್ಲಿ ಕ್ವಾರಿಯಿಂದ ಬಂದ ಸಣ್ಣ ದೊಡ್ಡ ಕಲ್ಲು, ಅದರ ಮೇಲೆ ಆಯ್ದ ಕಲ್ಲಿನ ಒಳಪದರ, ಎಲ್ಲಕ್ಕಿಂತ ಹೊರಗೆ ಕವಚ ಇರುತ್ತದೆ. ಇಳಿಜಾರಿನ ಬುಡದಲ್ಲಿ ಕವಚಕ್ಕೆ ಆಸರೆಯಾಗಿ ಕಲ್ಲಿನ ದಂಡೆಯಿದ್ದರೆ, ನೆತ್ತಿಯಲ್ಲಿ ಸಾಮಾನ್ಯವಾಗಿ ಕಾಂಕ್ರೀಟ್ ಗೋಡೆ ಮತ್ತು ವಾಹನ ಹೋಗುವಷ್ಟು ದಾರಿ ಇರುತ್ತದೆ. ಅಲೆಯ ಎತ್ತರಕ್ಕೆ ತಕ್ಕಷ್ಟು ಭಾರದ ಕಲ್ಲು ಕ್ವಾರಿಯಲ್ಲಿ ಸಿಗದಿದ್ದಾಗ ಕವಚಕ್ಕೆ ಎರಕದ ಕಾಂಕ್ರೀಟ್ ಘಟಕಗಳನ್ನು ಬಳಸುತ್ತಾರೆ.

ಇವುಗಳಲ್ಲಿ ನಮ್ಮ ಕರಾವಳಿಯ ಜನರಿಗೆ ಹೆಚ್ಚು ಪರಿಚಿತವಾದದ್ದು ನಾಲ್ಕು ಕಾಲಿನ ಟೆಟ್ರಾಪಾಡ್. ಅದನ್ನು 1950ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನ ಪ್ರಯೋಗಾಲಯವೊಂದು ರೂಪಿಸಿತು. ಮೊದಲು ಬಳಸಿದ್ದು ಮೊರಾಕ್ಕೊದ ಕಾಸಾಬ್ಲಾಂಕಾದಲ್ಲಿ, ಉಷ್ಣ ವಿದ್ಯುತ್ ಸ್ಥಾವರವೊಂದರ ರಕ್ಷಣೆಗೆ. ಇಂಗ್ಲಿಷಿನ H ಅಕ್ಷರದ ಒಂದು ಕಾಲನ್ನು ತಿರುಚಿದಂತೆ ಕಾಣುವ ಡೊಲೊಸ್ ಹುಟ್ಟಿದ್ದು 1960ರ ದಶಕದಲ್ಲಿ ದಕ್ಷಿಣ ಆಫ್ರಿಕಾದ ಈಸ್ಟ್ ಲಂಡನ್ ಬಂದರಿನಲ್ಲಿ. ಅಕ್ರೋಪೋಡ್ 1981ರಲ್ಲಿ ಬಂದಿತು; ಕೋರ್‌ಲಾಕ್ ಮತ್ತು ಎಕ್ಸ್‌ಬ್ಲಾಕ್ ಆಮೇಲಿನವು. ಮುಂಬಯಿಯ ಮರೀನ್ ಡ್ರೈವ್ ದಂಡೆಯಲ್ಲಿ ಕಾಣುವುದು ಟೆಟ್ರಾಪಾಡ್. ನಮ್ಮ ಉಡುಪಿ ಜಿಲ್ಲೆಯ ಮರವಂತೆ ಮತ್ತು ಗಂಗೊಳ್ಳಿಯ ತಡೆಗೋಡೆ ಕಾಮಗಾರಿಗಳಲ್ಲಿಯೂ ಟೆಟ್ರಾಪಾಡ್ ಬಳಕೆಯಾಗಿದೆ.

ಬಂದರಿಗೆ ಸ್ವಂತ ಎಂಜಿನಿಯರರು ಇರುವಾಗ ಹೊರಗಿನ ತಜ್ಞರು ಏಕೆ ಬೇಕು?

ಬಂದರಿನ ಎಂಜಿನಿಯರರು ಮಾಡುವ ನಿತ್ಯದ ಉಸ್ತುವಾರಿಗೆ ಬದಲಿ ಯಾವುದೂ ಇಲ್ಲ. ಬಿರುಗಾಳಿಯ ಮರುದಿನ ಬೆಳಿಗ್ಗೆ ತಡೆಗೋಡೆಯ ಮೇಲೆ ಮೊದಲು ನಡೆದು ನೋಡುವವರು ಅವರೇ. ಆದರೆ ಒಂದು ತಡೆಗೋಡೆಯ ಸ್ಥಿತಿಯ ಬಗ್ಗೆ ತೀರ್ಪು ಕೊಡುವಾಗ ಹಲವರ ಹಿತಾಸಕ್ತಿಗಳು ಅದಕ್ಕೆ ಅಂಟಿಕೊಂಡಿರುತ್ತವೆ. ಘಟಕಗಳು ಒಡೆದಿವೆ ಎಂದರೆ ಎರಕದ ಗುಣಮಟ್ಟದ ಪ್ರಶ್ನೆ ಗುತ್ತಿಗೆದಾರನ ಮೇಲೆ ಬರುತ್ತದೆ; ಜರುಗಿವೆ ಎಂದರೆ ತೂಕದ ಲೆಕ್ಕದ ಪ್ರಶ್ನೆ ವಿನ್ಯಾಸಕಾರನ ಮೇಲೆ; ಬುಡ ಕುಸಿದಿದೆ ಎಂದರೆ ಮಣ್ಣಿನ ಪರೀಕ್ಷೆ ಮಾಡಿಸಿದವರ ಮೇಲೆ; ಹಲವು ವರ್ಷ ಯಾರೂ ನೋಡಿಲ್ಲ ಎಂದರೆ ಇಲಾಖೆಯ ಮೇಲೆ. ಈ ನಾಲ್ವರಲ್ಲಿ ಯಾರೇ ಬರೆದ ವರದಿಯನ್ನೂ ಉಳಿದ ಮೂವರು ಸುಲಭವಾಗಿ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ.

ಇನ್ನೊಂದು ಕಾರಣ ಈ ರಚನೆಯ ಸ್ವಭಾವದಲ್ಲಿಯೇ ಇದೆ. ಸೇತುವೆಯೊಂದು ಬಾಗಿದರೆ ದಾರಿಹೋಕನಿಗೂ ಕಾಣುತ್ತದೆ. ಕಾಂಕ್ರೀಟ್ ಕವಚದ ಬಹುಭಾಗ ನೀರಿನ ಕೆಳಗಿರುತ್ತದೆ, ಮೇಲಿನ ಭಾಗವೋ ಕಟ್ಟಿದ ದಿನದಿಂದಲೇ ಅಸ್ತವ್ಯಸ್ತವಾಗಿ ಕಾಣುತ್ತದೆ. ಹತ್ತು ಘಟಕಗಳು ಜಾಗ ಬಿಟ್ಟಿದ್ದರೂ, ಮೊದಲಿನ ದಾಖಲೆಯೊಂದಿಗೆ ಹೋಲಿಸಿ ನೋಡದವನಿಗೆ ಅದು ಗೊತ್ತಾಗುವುದಿಲ್ಲ. ಪ್ರತಿದಿನ ಅದೇ ಗೋಡೆಯನ್ನು ನೋಡುವ ಕಣ್ಣಿಗೆ ನಿಧಾನದ ಬದಲಾವಣೆ ತಪ್ಪಿಹೋಗುವ ಸಾಧ್ಯತೆ ಇನ್ನೂ ಹೆಚ್ಚು.

ಇಂಥ ಗೋಡೆಗಳು ನಿಜವಾಗಿಯೂ ಕುಸಿದ ಉದಾಹರಣೆ ಇದೆಯೇ?

ಇದೆ. ಪೋರ್ಚುಗಲ್ಲಿನ ಸೀನಿಶ್ ಬಂದರಿನ ಪಶ್ಚಿಮ ತಡೆಗೋಡೆಯ ಪ್ರಕರಣವನ್ನು ಈ ಕ್ಷೇತ್ರದಲ್ಲಿ ಕೆಲಸ ಮಾಡುವ ಪ್ರತಿಯೊಬ್ಬರೂ ಓದಿರಲೇಬೇಕು. ಐದು ಲಕ್ಷ ಟನ್ ಸಾಮರ್ಥ್ಯದ ತೈಲ ಹಡಗುಗಳಿಗೆಂದು, ಅಟ್ಲಾಂಟಿಕ್ ಸಾಗರಕ್ಕೆ ನೇರವಾಗಿ ತೆರೆದುಕೊಂಡ ತೀರದಲ್ಲಿ, ಸುಮಾರು ಎರಡು ಕಿಲೋಮೀಟರ್ ಉದ್ದಕ್ಕೆ, 50 ಮೀಟರ್ ಸಮೀಪದ ಆಳದವರೆಗೂ ಅದನ್ನು ಕಟ್ಟಲಾಯಿತು. ಕವಚಕ್ಕೆ 42 ಟನ್ ತೂಕದ, ಉಕ್ಕಿನ ಸರಳುಗಳಿಲ್ಲದ ಡೊಲೊಸ್ ಘಟಕಗಳನ್ನು ಆಯ್ದುಕೊಂಡಿದ್ದರು. ವಿನ್ಯಾಸದ ಅಲೆಯ ಎತ್ತರ 11 ಮೀಟರ್, ಅಂದರೆ ನೂರು ವರ್ಷಕ್ಕೊಮ್ಮೆ ಬರಬಹುದಾದ ಬಿರುಗಾಳಿಯಲ್ಲಿ ಅತಿ ಎತ್ತರದ ಮೂರನೆಯ ಒಂದು ಪಾಲು ಅಲೆಗಳ ಸರಾಸರಿ ಎತ್ತರ. 1978ರ ಫೆಬ್ರವರಿ 26ರಂದು, ಕೆಲಸ ಮುಗಿಯುವ ಹಂತದಲ್ಲಿದ್ದಾಗ, ಅದಕ್ಕಿಂತ ಕಡಿಮೆ ಎಂದು ಅಂದಾಜು ಮಾಡಲಾದ ಅಲೆಗಳ ಬಿರುಗಾಳಿಯಲ್ಲಿ ಸುಮಾರು 21,000 ಡೊಲೊಸ್‌ಗಳಲ್ಲಿ 10,000ದಷ್ಟು ಒಡೆದುಹೋದವು ಅಥವಾ ಕಳೆದುಹೋದವು. ನೆತ್ತಿಯ ಗೋಡೆಯ ಉದ್ದುದ್ದ ಭಾಗಗಳು ಆಸರೆ ತಪ್ಪಿ ಬಿದ್ದವು. ಮುಂದಿನ ಚಳಿಗಾಲದ ಬಿರುಗಾಳಿಗಳು ಉಳಿದದ್ದರಲ್ಲಿಯೂ ಬಹುಪಾಲನ್ನು ಹಾಳುಮಾಡಿದವು.

ವಿನ್ಯಾಸದ ಅಲೆ ಬರುವ ಮೊದಲೇ ಗೋಡೆ ಕುಸಿದದ್ದು ಏಕೆ ಎಂಬುದರ ಬಗ್ಗೆ ಹಲವು ದೇಶಗಳ ತಜ್ಞರು ತನಿಖೆ ಮಾಡಿದರು. ಅಮೆರಿಕದ ಸಿವಿಲ್ ಎಂಜಿನಿಯರರ ಸಂಘದ ಸಮಿತಿಯ ವರದಿ 1982ರಲ್ಲಿ ಪ್ರಕಟವಾಯಿತು. ಕಾರಣ ಒಂದೇ ಅಲ್ಲ ಎಂಬುದು ಸ್ಪಷ್ಟವಾಯಿತು. ಆದರೆ ಪರಿಶೀಲನೆಗೆ ನೇರವಾಗಿ ಸಂಬಂಧಿಸಿದ ಪಾಠ ಘಟಕದ ಬಲದ ಬಗ್ಗೆ ಇದೆ. ತೆಳ್ಳಗಿನ ಸೊಂಟದ ಡೊಲೊಸ್ ದೊಡ್ಡದಾದಷ್ಟೂ ತನ್ನ ಭಾರದಿಂದಲೇ ಒಳಗೆ ಹೆಚ್ಚು ಎಳೆತಕ್ಕೆ ಸಿಲುಕುತ್ತದೆ, ಕಾಂಕ್ರೀಟಿನ ಎಳೆತ ತಡೆಯುವ ಶಕ್ತಿ ಮಾತ್ರ ಗಾತ್ರದೊಂದಿಗೆ ಬೆಳೆಯುವುದಿಲ್ಲ. ಅಲೆಯಲ್ಲಿ ತೂಗಾಡಿ ಪಕ್ಕದ ಘಟಕಕ್ಕೆ ಬಡಿದಾಗ ಸೊಂಟ ಮುರಿಯುತ್ತದೆ; ಮುರಿದ ತುಂಡು ಹಗುರವಾದ್ದರಿಂದ ಅಲೆಯೊಂದಿಗೆ ಹಾರಿ ಇನ್ನೊಂದನ್ನು ಒಡೆಯುತ್ತದೆ. ಆರಂಭಕ್ಕೂ ಅಂತ್ಯಕ್ಕೂ ನಡುವೆ ಹೆಚ್ಚು ಸಮಯ ಸಿಗುವುದಿಲ್ಲ.

ಅದೇ ಕಾಲದಲ್ಲಿ, 1980ರ ಡಿಸೆಂಬರಿನಲ್ಲಿ, ಅಲ್ಜೀರಿಯಾದ ಅರ್ಜೂ ಬಂದರಿನಲ್ಲಿ 48 ಟನ್‌ನ ಟೆಟ್ರಾಪಾಡ್ ಕವಚವೂ ವ್ಯಾಪಕವಾಗಿ ಒಡೆಯಿತು. ಆದ್ದರಿಂದ ಇದನ್ನು ಡೊಲೊಸ್ ಒಂದರದೇ ದೋಷವೆಂದು ಬದಿಗಿಡುವಂತಿಲ್ಲ.

ಕಟ್ಟುವ ಮೊದಲೇ ಪ್ರಯೋಗಾಲಯದಲ್ಲಿ ಮಾದರಿ ಪರೀಕ್ಷೆ ಆಗಿರುತ್ತದೆಯಲ್ಲ?

ಆಗಿರಬೇಕು. ನಮ್ಮಲ್ಲಿ ಪುಣೆಯ ಖಡಕ್‌ವಾಸ್ಲಾದ ಕೇಂದ್ರೀಯ ಜಲ ಮತ್ತು ವಿದ್ಯುತ್ ಸಂಶೋಧನಾ ಕೇಂದ್ರ, ಮದ್ರಾಸ್ ಐಐಟಿ, ಸುರತ್ಕಲ್‌ನ ಎನ್‌ಐಟಿಕೆ ಇಂಥ ಪರೀಕ್ಷೆಗಳಲ್ಲಿ ದಶಕಗಳ ಅನುಭವ ಪಡೆದಿವೆ. ಘಟಕ ಜರುಗುತ್ತದೆಯೇ, ಅಲೆ ನೆತ್ತಿಯನ್ನು ಎಷ್ಟು ದಾಟುತ್ತದೆ, ಬುಡ ನಿಲ್ಲುತ್ತದೆಯೇ ಎಂಬುದನ್ನು ಮಾದರಿ ಚೆನ್ನಾಗಿ ಹೇಳುತ್ತದೆ. ಘಟಕ ಒಡೆಯುತ್ತದೆಯೇ ಎಂಬುದನ್ನು ಹೇಳುವುದಿಲ್ಲ. 1:50 ಪ್ರಮಾಣದ ಮಾದರಿಯಲ್ಲಿ ಘಟಕದೊಳಗಿನ ಒತ್ತಡ ನಿಜವಾದುದರ ಐವತ್ತನೆಯ ಒಂದು ಪಾಲಿಗೆ ಇಳಿಯುತ್ತದೆ, ಮಾದರಿಯ ವಸ್ತುವಿನ ಬಲ ಹಾಗೆ ಇಳಿಯುವುದಿಲ್ಲ. ಹೀಗಾಗಿ ತೊಟ್ಟಿಯಲ್ಲಿ ಎಂದೂ ಒಡೆಯದ ಘಟಕ ಸಮುದ್ರದಲ್ಲಿ ಒಡೆಯಬಹುದು. ಅಲ್ಲದೆ, ಪರೀಕ್ಷೆಯಲ್ಲಿ ಘಟಕಗಳನ್ನು ಬೆಳಕಿನಲ್ಲಿ, ಕೈಯಿಂದ, ಜಾಗ ನೋಡಿ ಇಡುತ್ತಾರೆ. ಸಮುದ್ರದಲ್ಲಿ ಕ್ರೇನಿನ ಕೊನೆಯಲ್ಲಿ ತೂಗಾಡುವ ಹತ್ತು ಟನ್ ಭಾರವನ್ನು ಕಲಕಿದ ನೀರಿನೊಳಗೆ ಇಳಿಸಬೇಕು. ಕಟ್ಟಿದ ಗೋಡೆ ಪರೀಕ್ಷೆಗೆ ಒಳಗಾದ ಗೋಡೆಯೇ ಹೌದೇ ಎಂದು ತಿಳಿಯುವುದು ಪರಿಶೀಲನೆಯಿಂದ ಮಾತ್ರ.

ತಜ್ಞರು “ಸ್ವತಂತ್ರ” ಎಂದು ಹೇಗೆ ನಿರ್ಧರಿಸುವುದು?

ಆ ಗೋಡೆಯ ವಿನ್ಯಾಸ, ನಿರ್ಮಾಣ, ಮೇಲ್ವಿಚಾರಣೆ, ಸಾಮಗ್ರಿ ಪೂರೈಕೆ ಯಾವುದರಲ್ಲಿಯೂ ಅವರಾಗಲಿ ಅವರ ಸಂಸ್ಥೆಯಾಗಲಿ ಪಾಲ್ಗೊಂಡಿರಬಾರದು. ಮುಂದೆ ದುರಸ್ತಿಯ ಗುತ್ತಿಗೆಗೆ ಅಥವಾ ಅದರ ಸಲಹೆಗಾರಿಕೆಗೆ ಅವರು ಅರ್ಜಿ ಹಾಕುವುದಿಲ್ಲವೆಂಬ ಷರತ್ತು ಒಪ್ಪಂದದಲ್ಲಿಯೇ ಇರಬೇಕು. ದುರಸ್ತಿ ದೊಡ್ಡದಾದಷ್ಟೂ ಲಾಭ ಪಡೆಯುವವರಿಂದ ಹಾನಿಯ ಅಳತೆ ಮಾಡಿಸುವುದು ಸರಿಯಲ್ಲ. ಪೇಟೆಂಟ್ ಇರುವ ಘಟಕಗಳ ವಿಷಯದಲ್ಲಿ ಪರವಾನಗಿ ಕೊಡುವ ಸಂಸ್ಥೆಯ ತಂತ್ರಜ್ಞರು ಸ್ಥಳಕ್ಕೆ ಬಂದು ಜೋಡಣೆಯನ್ನು ನೋಡುವ ಪದ್ಧತಿಯಿದೆ. ಅವರ ಅನುಭವ ಅಮೂಲ್ಯ, ಅವರ ಟಿಪ್ಪಣಿಗಳನ್ನು ತಜ್ಞರು ಓದಲೇಬೇಕು. ಆದರೂ ತಮ್ಮದೇ ಘಟಕದ ಬಗ್ಗೆ ಅವರು ಕೊಡುವ ಅಭಿಪ್ರಾಯವನ್ನು ಸ್ವತಂತ್ರವೆಂದು ಎಣಿಸಲಾಗದು.

ಹಣ ಕೊಡುವವರು ಯಾರು ಎಂಬುದಕ್ಕಿಂತ, ಕರಡನ್ನು ತಿದ್ದುವ ಅಧಿಕಾರ ಯಾರ ಕೈಯಲ್ಲಿದೆ ಎಂಬುದು ಹೆಚ್ಚು ಮುಖ್ಯವೆಂದು ನನ್ನ ಅಭಿಪ್ರಾಯ. ಕರಡಿನ ಮೇಲೆ ಎಲ್ಲ ಪಕ್ಷಗಳೂ ಲಿಖಿತ ಆಕ್ಷೇಪ ಸಲ್ಲಿಸಲಿ, ತಜ್ಞರು ಪ್ರತಿಯೊಂದಕ್ಕೂ ಲಿಖಿತವಾಗಿ ಉತ್ತರಿಸಲಿ, ಆ ಎರಡೂ ಅಂತಿಮ ವರದಿಗೆ ಅನುಬಂಧವಾಗಲಿ. ಕರಡು ಮತ್ತು ಅಂತಿಮ ವರದಿಯ ನಡುವೆ ಏನು ಬದಲಾಯಿತು, ಏಕೆ ಬದಲಾಯಿತು ಎಂಬುದು ಮುಂದೆ ಓದುವವರಿಗೆ ಕಾಣುವಂತಿರಬೇಕು.

ಪರಿಶೀಲನೆಯನ್ನು ಯಾವಾಗ ಮಾಡಿಸಬೇಕು?

ಮೊದಲನೆಯದು ಮತ್ತು ಎಲ್ಲಕ್ಕಿಂತ ಮುಖ್ಯವಾದದ್ದು, ಗುತ್ತಿಗೆದಾರನಿಂದ ಗೋಡೆಯನ್ನು ವಹಿಸಿಕೊಳ್ಳುವ ಮೊದಲು. ಮುಂದಿನ ಎಲ್ಲ ಹೋಲಿಕೆಗಳಿಗೂ ಆ ದಿನದ ಅಳತೆಯೇ ಆಧಾರ. ಅದು ಇಲ್ಲದಿದ್ದರೆ ಹತ್ತು ವರ್ಷದ ನಂತರ ಬಂದ ತಜ್ಞರು ಒಂದು ಘಟಕ ಜರುಗಿದೆಯೋ ಅಥವಾ ಮೊದಲೇ ಅಲ್ಲಿ ಹಾಗೆ ಇಟ್ಟಿದ್ದರೋ ಎಂದು ಹೇಳಲಾರರು. ದೋಷ ಹೊಣೆಗಾರಿಕೆಯ ಅವಧಿ, ಅಂದರೆ ಕಂಡ ದೋಷವನ್ನು ಗುತ್ತಿಗೆದಾರನೇ ಸರಿಪಡಿಸಬೇಕಾದ ಅವಧಿ, ಮುಗಿಯುವ ಮೊದಲು ಇನ್ನೊಮ್ಮೆ ನಡೆಯಬೇಕು.

ಕರ್ನಾಟಕದ ಕರಾವಳಿಯಲ್ಲಿ ವರ್ಷದ ಲಯವನ್ನು ಮುಂಗಾರು ನಿರ್ಧರಿಸುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದ್ದು ದೋಣಿಗಳೆಲ್ಲ ಬಂದರಿನೊಳಗೆ ತುಂಬಿರುವಾಗಲೇ ತಡೆಗೋಡೆ ವರ್ಷದ ಅತಿ ದೊಡ್ಡ ಅಲೆಗಳನ್ನು ಎದುರಿಸುತ್ತದೆ. ಹಾಗಾಗಿ ಏಪ್ರಿಲ್‌ನಿಂದ ಮೇ ಮೊದಲ ವಾರಗಳೊಳಗೆ ಒಂದು ನೋಟ, ಸಮುದ್ರ ತಣಿದ ಮೇಲೆ ಅಕ್ಟೋಬರಿನಿಂದ ಡಿಸೆಂಬರಿನೊಳಗೆ ಪೂರ್ಣ ಅಳತೆ ಎಂಬುದು ಒಪ್ಪುವ ಕ್ರಮ. ಅಳಿವೆಯ ಬಳಿ ಮಳೆಗಾಲದ ಕೆಸರು ನೀರು ತಿಳಿಯಾಗಲು ಸಮಯ ಬೇಕಾಗುವುದರಿಂದ ಮುಳುಗುಗಾರರ ಕೆಲಸವನ್ನು ಡಿಸೆಂಬರ್ ನಂತರಕ್ಕೆ ಇಟ್ಟುಕೊಳ್ಳುವುದು ಮೇಲು. 2021ರ ಮೇ ತಿಂಗಳಿನ ತೌಕ್ತೆಯಂಥ ಚಂಡಮಾರುತ ಬಂದರೆ ಈ ಪಟ್ಟಿಯನ್ನು ಬದಿಗಿಟ್ಟು ಕೂಡಲೇ ನೋಡಬೇಕು. ಕಟ್ಟುತ್ತಿರುವ ಗೋಡೆಗಳಿಗಂತೂ ಅಪಾಯ ಇನ್ನೂ ಹೆಚ್ಚು: ಕೇರಳದ ವಿಳಿಂಜಂನಲ್ಲಿ ನಿರ್ಮಾಣದ ಹಂತದಲ್ಲಿದ್ದ ತಡೆಗೋಡೆಯ ಭಾಗವೊಂದು 2017ರ ಒಖಿ ಚಂಡಮಾರುತಕ್ಕೆ ಕೊಚ್ಚಿಹೋಗಿತ್ತು.

ಸ್ಥಳದಲ್ಲಿ ತಜ್ಞರು ನಿಜವಾಗಿ ಏನು ಮಾಡುತ್ತಾರೆ?

ಸ್ಥಳಕ್ಕೆ ಬರುವ ಮೊದಲೇ ಅರ್ಧ ಕೆಲಸ ಆಗಿರಬೇಕು. ವಿನ್ಯಾಸದ ನಕ್ಷೆ, ಮಾದರಿ ಪರೀಕ್ಷೆಯ ವರದಿ, ಎರಕದ ಅಂಗಳದ ದಿನಚರಿ, ಪ್ರತಿ ಘಟಕವನ್ನು ಇಟ್ಟ ಜಾಗದ ದಾಖಲೆ, ಹಿಂದಿನ ಸಮೀಕ್ಷೆಗಳು, ಅಲೆ ಮತ್ತು ಚಂಡಮಾರುತದ ಇತಿಹಾಸ ಇವೆಲ್ಲವನ್ನೂ ಓದಿ, ಎಲ್ಲಿ ಅನುಮಾನ ಪಡಬೇಕು ಎಂಬ ಪಟ್ಟಿಯೊಂದಿಗೆ ಅವರು ಬರುತ್ತಾರೆ. ಅಲೆಯ ಮಾಹಿತಿಗೆ ಸಾಗರದ ಮಾಹಿತಿ ಒದಗಿಸುವ ಹೈದರಾಬಾದಿನ ಇಂಕೋಯ್ಸ್ ಸಂಸ್ಥೆ ಕರಾವಳಿಯುದ್ದಕ್ಕೂ ತೇಲಿಬಿಟ್ಟಿರುವ ಅಲೆಮಾಪಕಗಳ ದಾಖಲೆ ನೆರವಾಗುತ್ತದೆ.

ನಡೆದು ನೋಡುವ ಕೆಲಸಕ್ಕೆ ಅಮಾವಾಸ್ಯೆ ಅಥವಾ ಹುಣ್ಣಿಮೆಯ ಆಸುಪಾಸಿನ ದೊಡ್ಡ ಇಳಿತದ ವೇಳೆಯನ್ನು ಆರಿಸಬೇಕು. ನಮ್ಮ ಕರಾವಳಿಯಲ್ಲಿ ಉಬ್ಬರವಿಳಿತದ ಅಂತರ ಹೆಚ್ಚಿಲ್ಲ, ಆದ್ದರಿಂದ ಇಳಿತದಲ್ಲಿ ಹೊರಬರುವ ಪ್ರತಿ ಅರ್ಧ ಮೀಟರೂ ಅಮೂಲ್ಯ. ಹೆಚ್ಚಿನ ಚಲನೆ ನಡೆಯುವುದು ಸ್ಥಿರ ನೀರಿನ ಮಟ್ಟದ ಸುತ್ತಲಿನ ಪಟ್ಟಿಯಲ್ಲಿಯೇ. ಅಲ್ಲಿ ಒಡೆದ ಘಟಕ, ತೂಗಾಡುವ ಘಟಕ, ಹೊಸದಾಗಿ ಮುರಿದ ಬಿಳಿಯ ಮೈ, ಪಾಚಿ ಉಜ್ಜಿಹೋದ ಅಂಚು ಇವನ್ನು ಒಂದೊಂದಾಗಿ ಗುರುತಿಸಿ ಫೋಟೊ ತೆಗೆಯುತ್ತಾರೆ. ಪಾಚಿ, ಚಿಪ್ಪುಜೀವಿ ಬೆಳೆದ ಮುರಿತ ಹಳೆಯದು; ಹಸಿ ಮುರಿತ ಈ ವರ್ಷದ್ದು. ಈ ಸರಳ ಭೇದದಿಂದಲೇ ಹಾನಿ ನಿಂತಿದೆಯೋ ಮುಂದುವರಿಯುತ್ತಿದೆಯೋ ಎಂಬ ಮೊದಲ ಸುಳಿವು ಸಿಗುತ್ತದೆ.

ಫೋಟೊಗಳ ಬಗ್ಗೆ ಒಂದು ಮಾತನ್ನು ಒತ್ತಿ ಹೇಳಬೇಕು. ಪ್ರತಿ ವರ್ಷ ಅದೇ ಗುರುತಿನಿಂದ, ಅದೇ ನೀರಿನ ಮಟ್ಟದಲ್ಲಿ, ಅದೇ ಕೋನದಲ್ಲಿ ತೆಗೆದ ಸಾಧಾರಣ ಚಿತ್ರಗಳು, ಒಂದೇ ವರ್ಷ ತೆಗೆದ ದುಬಾರಿ ಚಿತ್ರಗಳಿಗಿಂತ ಹೆಚ್ಚು ಉಪಯುಕ್ತ. ಸೀನಿಶ್‌ನ ಅನುಭವದ ನಂತರ ಪೋರ್ಚುಗಲ್ಲಿನ ರಾಷ್ಟ್ರೀಯ ಸಿವಿಲ್ ಎಂಜಿನಿಯರಿಂಗ್ ಪ್ರಯೋಗಾಲಯವು 1986ರಿಂದ ತನ್ನ ದೇಶದ ತಡೆಗೋಡೆಗಳ ಕ್ರಮಬದ್ಧ ವೀಕ್ಷಣೆಯನ್ನು ನಡೆಸುತ್ತ ಬಂದಿದೆ. ಅದರ ಶಕ್ತಿ ಇರುವುದು ಉಪಕರಣಗಳಿಗಿಂತ ಹೆಚ್ಚಾಗಿ ಎಡೆಬಿಡದ ಹೋಲಿಕೆಯಲ್ಲಿ.

ಈಗ ಡ್ರೋನ್ ಬಂದಿರುವುದರಿಂದ ನೀರಿನ ಮೇಲಿನ ಭಾಗದ ಮೂರು ಆಯಾಮದ ನಕ್ಷೆಯನ್ನು ಕೆಲವೇ ಸೆಂಟಿಮೀಟರಿನ ನಿಖರತೆಯಲ್ಲಿ ಮಾಡಬಹುದು, ಆದರೆ ನೆಲದಲ್ಲಿ ಶಾಶ್ವತ ನಿಯಂತ್ರಣ ಬಿಂದುಗಳನ್ನು ಅಳೆದಿಡದಿದ್ದರೆ ಆ ನಿಖರತೆ ಹೆಸರಿಗಷ್ಟೇ. ಬಂದರು ಮತ್ತು ನೌಕಾನೆಲೆಗಳ ಸಮೀಪ ಹಾರಾಟಕ್ಕೆ ಮೊದಲೇ ಅನುಮತಿ ಪಡೆಯಬೇಕಾಗುತ್ತದೆ. ನೀರಿನ ಕೆಳಗೆ, ಧ್ವನಿಯ ಪ್ರತಿಫಲನದಿಂದ ಆಳ ಅಳೆಯುವ ಬಹುಕಿರಣ ಸೋನಾರ್ ದೋಣಿಯಿಂದ ಇಳಿಜಾರನ್ನೂ ಬುಡವನ್ನೂ ಅಳೆಯುತ್ತದೆ. ದಕ್ಷಿಣ ಆಫ್ರಿಕಾದಲ್ಲಿ ಕ್ರೇನಿನಿಂದ ಘಟಕದ ಗಾತ್ರಕ್ಕೆ ತಕ್ಕ ಗೋಳವನ್ನು ಇಳಿಬಿಟ್ಟು, ಅದು ನಿಲ್ಲುವ ಎತ್ತರವನ್ನು ಸಾಲುಸಾಲಾಗಿ ಅಳೆಯುವ ಹಳೆಯ ಪದ್ಧತಿಯೂ ಇದೆ. ಕ್ರೇನ್ ಇದ್ದಲ್ಲಿ ಅದು ಇಂದಿಗೂ ನಂಬಲರ್ಹ. ಡ್ರೋನ್ ನಕ್ಷೆ ಮತ್ತು ಸೋನಾರ್ ನಕ್ಷೆಗಳ ನಡುವೆ, ಅಲೆ ಒಡೆಯುವ ಪಟ್ಟಿಯಲ್ಲಿ, ಎರಡೂ ಸರಿಯಾಗಿ ಕಾಣದ ಒಂದು ಕುರುಡು ವಲಯ ಉಳಿಯುತ್ತದೆ. ಹಾನಿ ಹೆಚ್ಚಾಗಿ ಆಗುವುದೂ ಅಲ್ಲಿಯೇ. ಆ ವಲಯವನ್ನು ಹೇಗೆ ಮುಚ್ಚಲಾಗಿದೆ ಎಂದು ಪ್ರತಿ ವರದಿಯನ್ನೂ ಕೇಳಬೇಕು.

ಮುಳುಗುಗಾರರು ಕೊನೆಯಲ್ಲಿ, ಸೋನಾರ್ ತೋರಿಸಿದ ಅನುಮಾನದ ಜಾಗಗಳಿಗೆ ಮಾತ್ರ ಇಳಿಯಬೇಕು. ಘಟಕಗಳ ನಡುವಿನ ಪೊಳ್ಳಿನೊಳಗೆ ನೀರು ಎಳೆದು ದೂಡುವ ಬಲ ಬಹಳ ದೊಡ್ಡದು. ಯಾವ ಕಾರಣಕ್ಕೂ ಅವರು ಆ ಪೊಳ್ಳುಗಳೊಳಗೆ ಹೋಗಕೂಡದು.

ಕವಚದ ಯಾವ ಭಾಗವನ್ನು ಹೆಚ್ಚು ಗಮನಿಸಬೇಕು?

ಗೋಡೆಯ ದುಂಡಗಿನ ತುದಿಯನ್ನು, ಅದರಲ್ಲಿಯೂ ಅಲೆ ಸುತ್ತಿ ಬಂದು ಒಳಬದಿಗೆ ತಿರುಗುವ ಭಾಗವನ್ನು. ಗೋಡೆ ಬಾಗುವ ಜಾಗಗಳನ್ನು. ಒಂದು ತೂಕದ ಘಟಕ ಮುಗಿದು ಇನ್ನೊಂದು ಆರಂಭವಾಗುವ ಸಂಧಿಯನ್ನು. ನೆತ್ತಿಯ ಗೋಡೆಗೆ ಒರಗಿದ ಮೇಲಿನ ಸಾಲನ್ನೂ ಮರೆಯಬಾರದು: ಇಡೀ ಇಳಿಜಾರು ಕೊಂಚ ಕೆಳಗೆ ಜಾರಿದಾಗ ಮೇಲೆ ಒಂದು ಖಾಲಿ ಪಟ್ಟಿ ಏಳುತ್ತದೆ, ಅದರ ಮೂಲಕ ಅಲೆ ಗೋಡೆಯನ್ನು ನೇರವಾಗಿ ಬಡಿಯುತ್ತದೆ. ಬುಡದ ಕಲ್ಲು ಕೊಚ್ಚಿಹೋಗಿದ್ದರೆ ಮೇಲಿನ ಘಟಕಗಳು ಎಷ್ಟೇ ಗಟ್ಟಿಯಿದ್ದರೂ ಅವುಗಳಿಗೆ ಆಸರೆ ಇರುವುದಿಲ್ಲ.

ಎಷ್ಟು ಘಟಕಗಳು ಜರುಗಿದರೆ ಅಥವಾ ಒಡೆದರೆ ಅಪಾಯ?

ಎಲ್ಲ ಗೋಡೆಗಳಿಗೂ ಹೊಂದುವ ಒಂದೇ ಸಂಖ್ಯೆ ಇಲ್ಲ, ಅಂಥ ಸಂಖ್ಯೆಯನ್ನು ಕೊಡುವವರ ಮಾತನ್ನು ಎಚ್ಚರದಿಂದ ಕೇಳಬೇಕು. ಕಲ್ಲಿನ ಎರಡು ಪದರದ ಕವಚದಲ್ಲಿ, ಕೊಚ್ಚಿಹೋದ ಅಡ್ಡಕೊಯ್ತದ ವಿಸ್ತೀರ್ಣವನ್ನು ಕಲ್ಲಿನ ಸಮಾನ ಘನದ ಅಂಚಿನ ವರ್ಗದಿಂದ ಭಾಗಿಸಿ ಹಾನಿಯ ಮಟ್ಟವನ್ನು ಅಳೆಯುತ್ತಾರೆ. 1:1.5 ಇಳಿಜಾರಿನಲ್ಲಿ (ಒಂದು ಮೀಟರ್ ಎತ್ತರಕ್ಕೆ ಒಂದೂವರೆ ಮೀಟರ್ ಅಡ್ಡ) ಅದು 2 ಇದ್ದರೆ ಹಾನಿಯ ಆರಂಭ, 8ರ ಹೊತ್ತಿಗೆ ಒಳಪದರ ಹೊರಗೆ ಕಾಣತೊಡಗುತ್ತದೆ. ಅಂದರೆ ಕಲ್ಲಿನ ಕವಚ ಮುನ್ಸೂಚನೆ ಕೊಟ್ಟು, ನಿಧಾನವಾಗಿ ಸೋಲುತ್ತದೆ.

ಕಾಂಕ್ರೀಟ್ ಘಟಕಗಳಲ್ಲಿ ಆ ಅವಕಾಶ ಕಡಿಮೆ. ಅಕ್ರೋಪೋಡ್‌ನಂತೆ ಒಂದೇ ಪದರದಲ್ಲಿ ಪರಸ್ಪರ ಕೊಂಡಿ ಹಾಕಿಕೊಂಡು ನಿಲ್ಲುವ ಘಟಕಗಳಲ್ಲಿ ಹಾನಿಯ ಆರಂಭಕ್ಕೂ ಪೂರ್ಣ ಸೋಲಿಗೂ ಬೇಕಾದ ಅಲೆಯ ಎತ್ತರಗಳ ನಡುವೆ ಅಂತರ ಸ್ವಲ್ಪವೇ. ಆದ್ದರಿಂದಲೇ ಅವುಗಳನ್ನು ವಿನ್ಯಾಸದ ಅಲೆಗೆ ಹಾನಿಯೇ ಆಗದಂತೆ ಲೆಕ್ಕಹಾಕುತ್ತಾರೆ. ಅಂಥ ಗೋಡೆಯಲ್ಲಿ ಒಂದು ಘಟಕ ಕಾಣೆಯಾಗಿದ್ದರೂ ಅದು ವರದಿಯ ಮೊದಲ ಪುಟಕ್ಕೆ ಬರಬೇಕಾದ ಸಂಗತಿ. ಎರಡು ಪದರದ ಟೆಟ್ರಾಪಾಡ್ ಅಥವಾ ಘನಾಕಾರದ ಘಟಕಗಳ ಕವಚದಲ್ಲಿ ಚದುರಿದ ಹಾನಿಯನ್ನು ಸ್ವಲ್ಪ ಮಟ್ಟಿಗೆ ಸಹಿಸಬಹುದು. ಶೇಕಡಾವಾರು ಲೆಕ್ಕಕ್ಕಿಂತ ಒಡೆದವು ಎಲ್ಲಿವೆ ಎಂಬುದು ಮುಖ್ಯ: ನೂರು ಮೀಟರಿನಲ್ಲಿ ಅಲ್ಲೊಂದು ಇಲ್ಲೊಂದು ಒಡೆದ ಹತ್ತು ಘಟಕಗಳಿಗಿಂತ ಒಂದೇ ಕಡೆ ಗುಂಪಾಗಿ ಒಡೆದ ಐದು ಘಟಕಗಳು ಹೆಚ್ಚು ಅಪಾಯಕರ. ಇಡೀ ಗೋಡೆಯ ಸರಾಸರಿ ಕೊಟ್ಟು ಗುಂಪನ್ನು ಮರೆಮಾಡುವ ವರದಿ ಓದುವವರನ್ನು ದಾರಿ ತಪ್ಪಿಸುತ್ತದೆ.

ಕಾಂಕ್ರೀಟಿನ ಗುಣಮಟ್ಟವನ್ನೂ ಪರೀಕ್ಷಿಸಬೇಕೇ? ಬಲ ಸಾಕಷ್ಟಿದ್ದರೆ ಸಾಲದೇ?

ಸಾಲದು. ಬಲದಷ್ಟೇ ಸಾಂದ್ರತೆಯೂ ಮುಖ್ಯ, ನಮ್ಮಲ್ಲಿ ಇದಕ್ಕೆ ಸಿಗಬೇಕಾದ ಗಮನ ಸಿಗುತ್ತಿಲ್ಲವೆಂಬುದು ನನ್ನ ದೃಢ ಅಭಿಪ್ರಾಯ. ಹಡ್ಸನ್ ಸೂತ್ರದ ಪ್ರಕಾರ ಘಟಕದ ತೂಕ ಅಲೆಯ ಎತ್ತರದ ಘನಕ್ಕೆ ಅನುಗುಣವಾಗಿ ಏರುತ್ತದೆ, ಮತ್ತು ನೀರಿನಲ್ಲಿ ಅದಕ್ಕೆ ಉಳಿಯುವ ಸಾಪೇಕ್ಷ ಸಾಂದ್ರತೆಯ ಘನಕ್ಕೆ ವಿಲೋಮವಾಗಿ ಇಳಿಯುತ್ತದೆ. ಲೆಕ್ಕ ಹಾಕಿ ನೋಡೋಣ. ಅಲೆ 4 ಮೀಟರ್, ಇಳಿಜಾರು 1:1.5, ಟೆಟ್ರಾಪಾಡ್‌ನ ಸ್ಥಿರತಾ ಗುಣಾಂಕ 7, ಕಾಂಕ್ರೀಟಿನ ಸಾಂದ್ರತೆ ಘನಮೀಟರಿಗೆ 2.4 ಟನ್ ಎಂದು ಇಟ್ಟುಕೊಂಡರೆ ಸುಮಾರು 6 ಟನ್ ತೂಕದ ಘಟಕ ಬೇಕು. ಅಲೆ 4.4 ಮೀಟರಿಗೆ ಏರಿದರೆ ಸುಮಾರು 8 ಟನ್ ಬೇಕಾಗುತ್ತದೆ. ಅಲೆ 4 ಮೀಟರಿನಲ್ಲಿಯೇ ಇದ್ದು ಸಾಂದ್ರತೆ 2.4ರಿಂದ 2.3ಕ್ಕೆ ಇಳಿದರೆ 7.3 ಟನ್ ಬೇಕಾಗುತ್ತದೆ, ಆದರೆ ಅದೇ ಅಚ್ಚಿನಿಂದ ಹೊರಬರುವ ಘಟಕದ ತೂಕ 5.8 ಟನ್‌ಗೆ ಇಳಿದಿರುತ್ತದೆ. ಕಾಂಕ್ರೀಟಿನ ಘನಾಕಾರದ ತುಂಡನ್ನು ಒತ್ತಿ ನೋಡುವ ಪರೀಕ್ಷೆಯಲ್ಲಿ ಬಲ ಸರಿಯಿದ್ದೂ ಗೋಡೆ ವಿನ್ಯಾಸಕ್ಕಿಂತ ದುರ್ಬಲವಾಗಿರಬಹುದು ಎಂದರೆ ಇದೇ. ಆದ್ದರಿಂದ ತಜ್ಞರು ಕೋರ್, ಅಂದರೆ ಘಟಕವನ್ನು ಕೊರೆದು ತೆಗೆದ ಕಾಂಕ್ರೀಟ್ ತುಂಡು, ತೆಗೆದು ಬಲದ ಜೊತೆ ಸಾಂದ್ರತೆಯನ್ನೂ ಅಳೆಯಬೇಕು, ಸಾಧ್ಯವಿದ್ದರೆ ಅಂಗಳದಲ್ಲಿ ಉಳಿದ ಘಟಕವೊಂದನ್ನು ಕ್ರೇನಿಗೆ ತೂಗುಹಾಕಿ ನಿಜವಾದ ತೂಕವನ್ನೇ ನೋಡಬೇಕು.

ಕಾಂಕ್ರೀಟಿನೊಳಗೆ ಶ್ರವಣಾತೀತ ಧ್ವನಿಯ ವೇಗವನ್ನು ಅಳೆಯುವ ಮತ್ತು ಅದರ ಮೈಗೆ ಬಡಿದು ಪುಟಿಯುವ ಸುತ್ತಿಗೆಯ (ರಿಬೌಂಡ್ ಹ್ಯಾಮರ್) ಪರೀಕ್ಷೆಗಳಿಗೆ ಭಾರತೀಯ ಮಾನಕಗಳಿವೆ, ಅವು ಅಗ್ಗ ಹಾಗೂ ಶೀಘ್ರ. ಒಂದು ಘಟಕವನ್ನು ಇನ್ನೊಂದರೊಂದಿಗೆ ಹೋಲಿಸಲು ಅವು ಸಾಕು. ನಿಜವಾದ ಬಲವನ್ನು ಹೇಳಲು ಕೋರ್ ಬೇಕು.

ಘಟಕದ ಮೈಮೇಲೆ ಬಿರುಕು ಕಂಡರೆ ಅದನ್ನು ಕೆಟ್ಟದ್ದೆಂದೇ ಎಣಿಸಬೇಕೇ?

ಬಿರುಕಿನ ಜಾಗ ಮತ್ತು ವಯಸ್ಸನ್ನು ನೋಡಿ ಹೇಳಬೇಕು. ಮೇಲ್ಮೈಯಲ್ಲಿ ಜೇಡರ ಬಲೆಯ ಹಾಗೆ ಹರಡಿದ ತೆಳು ಗೆರೆಗಳು ಸಾಮಾನ್ಯವಾಗಿ ಆಳಕ್ಕೆ ಹೋಗಿರುವುದಿಲ್ಲ. ಕಾಲು ಮೈಗೆ ಸೇರುವ ಸಂಧಿಯನ್ನು ಸುತ್ತಿಕೊಂಡ ಬಿರುಕು ಗಂಭೀರ. ದೊಡ್ಡ ಘಟಕಗಳಲ್ಲಿ ಸಿಮೆಂಟಿನ ಬಿಸಿಯಿಂದ ಒಳಭಾಗ ಹಿಗ್ಗಿ, ಮೇಲ್ಮೈ ಬೇಗ ತಣ್ಣಗಾಗಿ, ಮೊದಲ ಕೆಲವು ದಿನಗಳಲ್ಲಿಯೇ ಬಿರುಕು ಹುಟ್ಟುತ್ತದೆ. ಇದನ್ನು ತಡೆಯಲು ಒಳಗಿನ ಮತ್ತು ಹೊರಗಿನ ಉಷ್ಣತೆಯ ಅಂತರವನ್ನು ಸುಮಾರು 20 ಡಿಗ್ರಿ ಸೆಲ್ಸಿಯಸ್ ಒಳಗೆ ಇಡುವುದು ವಾಡಿಕೆ. ಬೇಗ ಅಚ್ಚು ಬಿಚ್ಚಿ, ಕಾಂಕ್ರೀಟ್ ಬಲಿಯುವ ಮೊದಲೇ ಎತ್ತಿದರೂ ಅದೇ ಫಲ. ಎರಕದ ಅಂಗಳದ ದಿನಚರಿಯಲ್ಲಿ ಪ್ರತಿ ಘಟಕದ ಸಂಖ್ಯೆ, ಎರಕದ ದಿನ, ಬಿಚ್ಚಿದ ಸಮಯ, ಎತ್ತಿದ ಸಮಯ ಇದ್ದರೆ ಬಿರುಕು ಅಂಗಳದಲ್ಲಿ ಹುಟ್ಟಿತೋ ಸಮುದ್ರದಲ್ಲಿ ಹುಟ್ಟಿತೋ ಎಂಬ ವಾದ ಬೇಗ ಬಗೆಹರಿಯುತ್ತದೆ. ಈ ಘಟಕಗಳಲ್ಲಿ ಸಾಮಾನ್ಯವಾಗಿ ಉಕ್ಕು ಇಲ್ಲದಿರುವುದರಿಂದ ತುಕ್ಕಿನ ಭಯವಿಲ್ಲ. ಉಕ್ಕಿರುವ ನೆತ್ತಿಯ ಗೋಡೆಗೆ ಮಾತ್ರ ಆ ಭಯ ಪೂರ್ತಿಯಾಗಿ ಇದೆ.

ಕ್ಯಾಲಿಫೋರ್ನಿಯಾದ ಕ್ರೆಸೆಂಟ್ ಸಿಟಿಯಲ್ಲಿ 1986ರ ದುರಸ್ತಿಯ ವೇಳೆ ಅಮೆರಿಕದ ಸೇನಾ ಎಂಜಿನಿಯರರು ಕೆಲವು ಡೊಲೊಸ್‌ಗಳ ಒಳಗೆ ಅಳತೆಯ ಉಪಕರಣಗಳನ್ನು ಹುದುಗಿಸಿ, ಸಮುದ್ರದಲ್ಲಿ ಅವು ಅನುಭವಿಸುವ ಒತ್ತಡವನ್ನು ದಾಖಲಿಸಿದರು. ಒಡೆಯುವುದನ್ನು ಲೆಕ್ಕಕ್ಕೆ ತರಲು ಆ ಅಳತೆಗಳು ಬಹಳ ನೆರವಾದವು.

ವರದಿಯಲ್ಲಿ ಏನೇನು ಇರಲೇಬೇಕು?

ಪ್ರತಿ ಘಟಕದ ಸ್ಥಿತಿಯನ್ನು ಜಾಗದ ಗುರುತಿನೊಂದಿಗೆ ತೋರಿಸುವ ನಕ್ಷೆ, ಹಿಂದಿನ ಸಮೀಕ್ಷೆಯೊಂದಿಗೆ ಅದೇ ಅಡ್ಡಕೊಯ್ತಗಳ ಹೋಲಿಕೆ, ನೋಡಲಾಗದ ಭಾಗಗಳ ಸ್ಪಷ್ಟ ಪಟ್ಟಿ, ಪರೀಕ್ಷೆಯ ಮೂಲ ಅಂಕಿಗಳು ಇರಬೇಕು. ಕಂಡದ್ದು, ಅದರಿಂದ ಊಹಿಸಿದ್ದು, ಶಿಫಾರಸು ಮಾಡಿದ್ದು ಈ ಮೂರನ್ನು ಬೇರೆ ಬೇರೆಯಾಗಿಯೇ ಬರೆಯಬೇಕು. “ಒಟ್ಟಾರೆ ಸ್ಥಿತಿ ತೃಪ್ತಿಕರ” ಎಂಬ ಒಂದೇ ಸಾಲಿನಿಂದ ಯಾರಿಗೂ ಪ್ರಯೋಜನವಿಲ್ಲ. ಯಾವ ಅಲೆಗೆ, ಎಷ್ಟು ವರ್ಷಕ್ಕೆ, ಯಾವ ಭಾಗ ತೃಪ್ತಿಕರ ಎಂದು ಹೇಳಬೇಕು. ಅಳತೆಯ ಕಚ್ಚಾ ದತ್ತಾಂಶ ಮಾಲೀಕರ ಬಳಿಯೇ ಉಳಿಯಬೇಕು, ಇಲ್ಲದಿದ್ದರೆ ಮುಂದಿನ ತಜ್ಞರು ಮತ್ತೆ ಮೊದಲಿನಿಂದ ಆರಂಭಿಸಬೇಕಾಗುತ್ತದೆ.

ಹಾನಿ ಕಂಡುಬಂದರೆ ದುರಸ್ತಿ ಹೇಗೆ?

ಕಾಣೆಯಾದ ಜಾಗಕ್ಕೆ ಹೊಸ ಘಟಕವನ್ನು ಇಟ್ಟುಬಿಡುವುದು ಹೇಳಿದಷ್ಟು ಸುಲಭವಲ್ಲ. ಒಂದೇ ಪದರದ ಕವಚದಲ್ಲಿ ನಡುವಿನ ಘಟಕವನ್ನು ಬದಲಿಸಲು ಅದರ ಮೇಲಿನ ಸಾಲುಗಳನ್ನೆಲ್ಲ ಬಿಚ್ಚಬೇಕಾಗಬಹುದು. ನೆತ್ತಿಯ ದಾರಿ ಇಕ್ಕಟ್ಟಾಗಿದ್ದರೆ ಬುಡಕ್ಕೆ ಕೈ ಚಾಚಬಲ್ಲ ಕ್ರೇನ್ ಅಲ್ಲಿಗೆ ಹೋಗಲಾರದು. ಆಗ ಸಮುದ್ರದಿಂದ ಬಾರ್ಜ್ ತರಬೇಕು, ನಮ್ಮಲ್ಲಿ ಅದು ವರ್ಷದ ಕೆಲವೇ ತಿಂಗಳು ಸಾಧ್ಯ. ಹಳೆಯ ಘಟಕದ ಮೇಲೆ ಬೇರೆ ಆಕಾರದ ಘಟಕವನ್ನು ಸುರಿದರೆ ಎರಡರ ನಡುವೆ ಕೊಂಡಿ ಸರಿಯಾಗಿ ಬೀಳುವುದಿಲ್ಲ, ಅಂಥ ಮಿಶ್ರಣವನ್ನು ಮಾದರಿ ಪರೀಕ್ಷೆಯಿಲ್ಲದೆ ಒಪ್ಪಕೂಡದು. ನಿರ್ಮಾಣದ ಕಾಲದಲ್ಲಿಯೇ ಕೆಲವು ಹೆಚ್ಚುವರಿ ಘಟಕಗಳನ್ನು ಎರಕಹೊಯ್ದು, ಅಚ್ಚುಗಳನ್ನು ಗುಜರಿಗೆ ಹಾಕದೆ ಬಂದರಿನಲ್ಲಿ ಉಳಿಸಿಕೊಂಡರೆ ಮುಂದೆ ಆಗುವ ಉಳಿತಾಯ ದೊಡ್ಡದು. ಟೆಂಡರ್ ದಾಖಲೆಯಲ್ಲಿಯೇ ಈ ಷರತ್ತನ್ನು ಬರೆಯಬೇಕು.

ಅಳಿವೆಯಲ್ಲಿ ತುಂಬುವ ಹೂಳು, ಪಕ್ಕದ ಊರಿನ ಕಡಲ್ಕೊರೆತ ಇವೂ ಈ ಪರಿಶೀಲನೆಗೆ ಸೇರುತ್ತವೆಯೇ?

ರಚನೆಯ ಪರಿಶೀಲನೆಯಲ್ಲಿ ಸಾಮಾನ್ಯವಾಗಿ ಸೇರುವುದಿಲ್ಲ. ಅವುಗಳಿಗೆ ಮರಳಿನ ಚಲನೆಯ ಬೇರೆಯೇ ಅಧ್ಯಯನ ಬೇಕು. ಆದರೆ ಗೋಡೆ ಗಟ್ಟಿಯಾಗಿ ನಿಂತಿದ್ದೂ ಅಳಿವೆಯ ಬಾಗಿಲಿನಲ್ಲಿ ಅಲೆ ಏಳುವಷ್ಟು ಹೂಳು ತುಂಬಿದ್ದರೆ ದೋಣಿಯವರ ಪಾಲಿಗೆ ಆ ಬಂದರು ಕೆಲಸ ಮಾಡುತ್ತಿಲ್ಲ. ಕೆಲಸದ ವ್ಯಾಪ್ತಿಯನ್ನು ಬರೆಯುವಾಗಲೇ ಎರಡನ್ನೂ ಸೇರಿಸಬೇಕೆಂದು ಮೀನುಗಾರರ ಸಂಘಗಳು ಒತ್ತಾಯಿಸುವುದು ನ್ಯಾಯವೇ.

ಮೀನುಗಾರರಾಗಲಿ ಊರಿನವರಾಗಲಿ ಇದರಲ್ಲಿ ಏನು ಮಾಡಬಹುದು?

ತಜ್ಞರು ವರ್ಷಕ್ಕೆ ಕೆಲವು ದಿನ ನೋಡುವ ಗೋಡೆಯನ್ನು ದೋಣಿಯವರು ಪ್ರತಿದಿನ ನೋಡುತ್ತಾರೆ. ಯಾವ ಬಿರುಗಾಳಿಯ ನಂತರ ಯಾವ ಕಡೆ ಟೆಟ್ರಾಪಾಡ್ ಕಾಣೆಯಾಯಿತು, ಎಲ್ಲಿ ಅಲೆ ಮೊದಲಿಗಿಂತ ಹೆಚ್ಚು ಹಾರುತ್ತದೆ, ಒಳಬದಿಯಲ್ಲಿ ಎಲ್ಲಿ ತುಯ್ತ ಹೆಚ್ಚಾಗಿದೆ ಎಂಬುದನ್ನು ದಿನಾಂಕ ಮತ್ತು ಫೋಟೊ ಸಮೇತ ಬರೆದಿಟ್ಟು ಕೊಟ್ಟರೆ ಒಳ್ಳೆಯ ತಜ್ಞರು ಅದನ್ನು ಆದರದಿಂದ ತೆಗೆದುಕೊಳ್ಳುತ್ತಾರೆ. ಫೋಟೊಕ್ಕಾಗಿ ಘಟಕಗಳ ಮೇಲೆ ಇಳಿಯಬೇಡಿ. ಪಾಚಿ ಹಿಡಿದ ಇಳಿಜಾರು ಮೈಯಿಂದ ಜಾರಿ ಪೊಳ್ಳಿನೊಳಗೆ ಬಿದ್ದವರನ್ನು ಮೇಲೆತ್ತುವುದು ಬಹಳ ಕಷ್ಟ. ನೆತ್ತಿಯ ದಾರಿಯಿಂದ ಅಥವಾ ದೋಣಿಯಿಂದ ತೆಗೆದ ಚಿತ್ರವೇ ಸಾಕು.

ಸರ್ಕಾರದ ಹಣದಲ್ಲಿ ಕಟ್ಟಿದ ಮೀನುಗಾರಿಕಾ ಬಂದರಿನ ಪರಿಶೀಲನಾ ವರದಿಯನ್ನು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಬಹುದು. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ಬರಬೇಕು. ದೇಶದ ಭದ್ರತೆಗೆ ಅಥವಾ ವಾಣಿಜ್ಯ ಗೋಪ್ಯತೆಗೆ ಸಂಬಂಧಿಸಿದ ಭಾಗಗಳನ್ನು ತಡೆಹಿಡಿಯಲು ಕಾಯ್ದೆಯಲ್ಲಿ ಅವಕಾಶವಿದೆ, ನೌಕಾನೆಲೆಯ ಗೋಡೆಗಳ ವಿಷಯದಲ್ಲಿ ಹಾಗಾಗಬಹುದು. ಅರ್ಜಿಯಲ್ಲಿ “ತಡೆಗೋಡೆಯ ಮಾಹಿತಿ” ಎಂದಷ್ಟೇ ಬರೆಯದೆ, ವಹಿಸಿಕೊಂಡ ದಿನದ ಸಮೀಕ್ಷೆ, ಇತ್ತೀಚಿನ ಸಮೀಕ್ಷೆ, ಎರಕದ ಅಂಗಳದ ಸಾಂದ್ರತೆಯ ದಾಖಲೆ ಮತ್ತು ಕರಡಿನ ಮೇಲಿನ ಆಕ್ಷೇಪಗಳು ಎಂದು ಒಂದೊಂದನ್ನೂ ಹೆಸರಿಸಿ ಕೇಳಿ.